ಒಂದು ಬಾಟ್ಲಿ ಋಣ

2005ರ ಒಂದು ರಾತ್ರಿ ಬಬಲೇಶ್ವರದಲ್ಲಿ ಆಪಾಗೆ ಹೆರಿಗೆ ನೋವು ಶುರುವಾಯಿತು. 108 ಆಂಬುಲೆನ್ಸ್ ಕರ್ನಾಟಕಕ್ಕೆ ಬಂದದ್ದು 2008ರ ನವೆಂಬರ್ 1ರಂದು. ಅಂದು ನಮಗಿದ್ದದ್ದು ಪಕ್ಕದ ಮನೆಯ ಗೌಡರ ಜೀಪು. ಡೀಸೆಲ್ ಹಣವನ್ನೂ ಅವರು ಮುಟ್ಟಲಿಲ್ಲ.

ವಿಜಯಪುರದಲ್ಲಿ ವೈದ್ಯರು ಒಂದು ಬಾಟ್ಲಿ ರಕ್ತ ಬೇಕೆಂದರು. ಹಣ ಪಡೆದು ರಕ್ತ ಕೊಡುವುದು 1998ರಿಂದಲೇ ನಿಷಿದ್ಧ. ಗಂಡಸರಾದ ನಾವು ಮೂವರೂ ಸೂಜಿಗೆ ಹೆದರಿ ಒಬ್ಬರ ಮುಖ ಒಬ್ಬರು ನೋಡಿದೆವು. ತಾಯಿಯ ಆರೈಕೆಗೆಂದು ತಿಕೋಟಾದಿಂದ ಬಂದಿದ್ದ ಹುಡುಗನೊಬ್ಬ ತೋಳು ಮಡಚಿದ: "ಅಣ್ಣಾರ, ನಂದೂ ಓ ಪಾಸಿಟಿವ್ ಐತ್ರಿ." ಹೆಸರು ಕೇಳಬೇಕೆನ್ನುವಷ್ಟರಲ್ಲಿ ಅವನು ಹೋಗಿಬಿಟ್ಟಿದ್ದ.

ಪಾಕಿಸ್ತಾನದಲ್ಲಿ ಅಬ್ದುಲ್ ಸತ್ತಾರ್ ಎಧಿ ಜನರ ದೇಣಿಗೆಯಿಂದಲೇ ದೇಶದುದ್ದಕ್ಕೂ ಆಂಬುಲೆನ್ಸ್ ಓಡಿಸಿದರು, 2016ರಲ್ಲಿ ತೀರಿಕೊಂಡರು. ನಮ್ಮಲ್ಲಿ 108ರ ಖರ್ಚನ್ನು ಸರ್ಕಾರ ಹೊತ್ತಿದೆ. ಆದರೆ ರಕ್ತ ಯಾವ ಖಜಾನೆಯಲ್ಲೂ ಹುಟ್ಟುವುದಿಲ್ಲ. ಕೂಡಿಟ್ಟರೂ ಸಾಮಾನ್ಯವಾಗಿ 35 ದಿನವಷ್ಟೇ ಬಾಳುತ್ತದೆ. ಅದಕ್ಕೇ ಕೊಡುವ ಕೈಗಳು ದಿನವೂ ಬೇಕು.

ಅಂದು ಹುಟ್ಟಿದ ಆಪಾಳ ಮಗ, ಹದಿನೆಂಟು ತುಂಬಿದ ವರ್ಷವೇ ರಕ್ತ ಕೊಟ್ಟ. ಪಕ್ಕದ ಮಂಚದಲ್ಲಿ ನಾವೂ ಮಲಗಿದ್ದೆವು. ಸೂಜಿಯ ಹೆದರಿಕೆ ಹೋಗಿಲ್ಲ; ತಿಕೋಟಾದ ಆ ಹುಡುಗನ ಋಣವೂ ತೀರಿಲ್ಲ.