ಕ್ಯಾಮೆರಾಕ್ಕೆ ವಿಮೆ ಮಾಡಿಸೋಣ ಅಂತ ಹೊರಟಾಗ

ನಮ್ಮಲ್ಲಿ ಬಹುತೇಕರಿಗೆ ಫೋಟೊ ತೆಗೆಯುವುದು ಪೂರ್ತಿ ಕಸುಬಲ್ಲ. ವಾರವೆಲ್ಲ ಪತ್ರಿಕೆಗೆ ಸುದ್ದಿ ಕಳಿಸುವುದು, ತೋಟ, ಟ್ಯೂಷನ್ನು. ಲಗ್ನದ ತಿಂಗಳು ಬಂದರೆ ಮದುವೆ, ನಾಮಕರಣ, ಗೃಹಪ್ರವೇಶ. ಕ್ಯಾಮೆರಾಕ್ಕೆ ಮಾತ್ರ ಅರೆಕಾಲಿಕ ಬೆಲೆ ಅಂತ ಇಲ್ಲ. ಬಾಡಿ, ಎರಡು ಲೆನ್ಸು, ಫ್ಲ್ಯಾಶು ಸೇರಿದರೆ ಒಂದೂವರೆ ಲಕ್ಷ ಸಲೀಸಾಗಿ ದಾಟುತ್ತದೆ. ಆ ದುಡ್ಡು ಅಮ್ಮನ ಸಂಘದ ಸಾಲದಿಂದ ಬಂದಿರುತ್ತದೆ, ಇಲ್ಲವೇ ಅಡಿಕೆ ಮಾರಿ ಬಂದಿರುತ್ತದೆ. ಬ್ಯಾಗು ಕಳುವಾದರೂ ಸಂಘದ ವಾರದ ಕಂತು ನಿಲ್ಲುವುದಿಲ್ಲ.

ಹಾಗಾಗಿ ಈ ಸಲ ಲಗ್ನ ಶುರುವಾಗುವ ಮುಂಚೆ ನಾಲ್ಕು ಜನ ಸೇರಿ ವಿಮೆ ವಿಚಾರಿಸಲು ಹೊರಟೆವು. ಮೊದಲು ಗೊತ್ತಾದದ್ದು, ನಮ್ಮಂಥವರಿಗೆ ಜಾಗವೇ ಇಕ್ಕಟ್ಟು ಅಂತ. ಮನೆ ಸಾಮಾನಿನ ಪಾಲಿಸಿಯಲ್ಲಿ ಕ್ಯಾಮೆರಾ ಸೇರಿಸಬಹುದು, ಆದರೆ ಅದರಿಂದ ಸಂಪಾದನೆ ಮಾಡಿದರೆ ಸಾಮಾನ್ಯವಾಗಿ ಪರಿಹಾರ ಸಿಗದು. ಅಂಗಡಿ ಪಾಲಿಸಿ ಮುಖ್ಯವಾಗಿ ಅಂಗಡಿಯೊಳಗಿನ ಸಾಮಾನಿಗೆ. ನಮ್ಮ ಅಂಗಡಿ ಇರುವುದು ಬೈಕಿನ ಟ್ಯಾಂಕಿನ ಮೇಲೆ! ನಮಗೆ ಹೊಂದುವುದು ಆಲ್ ರಿಸ್ಕ್ ಅನ್ನುವ ಪಾಲಿಸಿ, ಅಥವಾ ಎಲೆಕ್ಟ್ರಾನಿಕ್ ಉಪಕರಣಗಳ ಪಾಲಿಸಿ. ಎರಡನೆಯದರಲ್ಲಿ ಹೊರಗೆ ಒಯ್ಯುವ ಸಾಮಾನಿಗೂ ಅನ್ವಯ ಅಂತ ಬರೆಸಿಕೊಳ್ಳಬೇಕು.

"ಹವ್ಯಾಸಕ್ಕೆ ಅಂತ ಹಾಕಿಬಿಡೋಣ, ಪ್ರೀಮಿಯಂ ಕಮ್ಮಿ ಆಗುತ್ತೆ" ಅಂದರು ಒಬ್ಬ ಏಜೆಂಟರು. ಬೇಡ ಅಂದೆವು. ಛತ್ರದಲ್ಲಿ ಕ್ಯಾಮೆರಾ ಬಿದ್ದು ಒಡೆದರೆ ಸರ್ವೇಯರ್ ಕೇಳುವ ಮೊದಲ ಪ್ರಶ್ನೆಯೇ "ಅಲ್ಲಿ ಏನು ಮಾಡ್ತಿದ್ರಿ?" ಸುಳ್ಳು ಬರೆಸಿದ ಪಾಲಿಸಿಗೆ ಕಟ್ಟಿದ ದುಡ್ಡು ದಂಡವೇ.

ಕಳವಿನ ಷರತ್ತನ್ನು ನಾವು ಎರಡೆರಡು ಸಲ ಓದಿಸಿಕೊಂಡೆವು. ಅದಕ್ಕೆ ಕಾರಣವಿದೆ. ನಮ್ಮ ಗೆಳೆಯನೊಬ್ಬನ ಬ್ಯಾಗು ಊಟದ ಹೊತ್ತಿಗೆ ಮಂಟಪದ ಹಿಂದಿನಿಂದ ಮಾಯವಾಗಿತ್ತು. ಬೀಗ ಒಡೆದ ಗುರುತಿಲ್ಲ, ಕಾವಲಿಗೆ ಯಾರೂ ಇರಲಿಲ್ಲ ಅಂತ ಒಂದು ಪುಟದ ಪತ್ರ ಬರೆದು ಕಂಪನಿ ಕೈತೊಳೆದುಕೊಂಡಿತು. ಕಾನೂನಿನ ಭಾಷೆಯಲ್ಲಿ ಅದು ಸರಿಯೇ ಇರಬಹುದು. ಆದರೆ ಧಾರೆ ಮುಗಿಸಿ ಎರಡು ಗಂಟೆಗೆ ಕೊನೇ ಪಂಕ್ತಿಯಲ್ಲಿ ಕೂರುವವನು ತೊಡೆಯ ಮೇಲೆ ಬ್ಯಾಗಿಟ್ಟುಕೊಂಡು ಉಣ್ಣಬೇಕು ಅಂತ ಬರೆದವರು ಯಾವತ್ತೂ ಮದುವೆ ಫೋಟೊ ತೆಗೆದಿರಲಿಕ್ಕಿಲ್ಲ. ಅವನಿಗೆ ಇನ್ನೊಂದು ತೊಡಕೂ ಆಗಿತ್ತು. ಠಾಣೆಯಲ್ಲಿ 'ಕಳೆದುಹೋಗಿದೆ' ಅಂತ ಬರೆದುಕೊಡಿ ಅಂದಿದ್ದರು. ಕಳೆದುಹೋದದ್ದು ಬೇರೆ, ಕಳುವಾದದ್ದು ಬೇರೆ. ವಿಮೆಯವರು ಕೇಳುವುದು ಕಳವಿನ ಎಫ್‌ಐಆರ್.

ಮೊತ್ತದಲ್ಲೂ ಒಂದು ಲೆಕ್ಕವಿದೆ. 2 ಲಕ್ಷದ ಸಾಮಾನಿಗೆ ಪ್ರೀಮಿಯಂ ಉಳಿಸಲು 1 ಲಕ್ಷಕ್ಕೆ ವಿಮೆ ಮಾಡಿಸಿದ್ದೀರಿ ಅನ್ನಿ. 40,000 ರೂಪಾಯಿಯ ಲೆನ್ಸು ಒಡೆದರೆ ಪೂರ್ತಿ 40,000 ಸಿಗುತ್ತದೆ ಅಂದುಕೊಳ್ಳಬೇಡಿ. ಅರ್ಧಕ್ಕೆ ವಿಮೆ ಮಾಡಿಸಿದ್ದರಿಂದ ನಷ್ಟದಲ್ಲೂ ಅರ್ಧ, ಅಂದರೆ 20,000. ಅದರಲ್ಲೂ ಸವಕಳಿ ಅಂತ ಇನ್ನಷ್ಟು ಕಳೆಯಬಹುದು.

ಮಲೆನಾಡಿನ ಗೆಳತಿಯೊಬ್ಬಳು ಕೇಳಿದ್ದು ಫಂಗಸ್ ಬಗ್ಗೆ. ಆಷಾಢದ ಮಳೆಗೆ ಲೆನ್ಸಿನೊಳಗೆ ಬೂಸ್ಟು ಹಿಡಿದರೆ? ಅದು ನಿಧಾನಕ್ಕೆ ಆಗುವ ಹಾನಿ, ತುಕ್ಕಿನ ಹಾಗೆ. ವಿಮೆ ಅದನ್ನು ಹೊರಗಿಡುತ್ತದೆ. ಅದಕ್ಕೆ ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್ಲೇ ಗತಿ.

ಪರಿಹಾರ ನಿರಾಕರಿಸಿದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಡಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್‌ಗೆ ಒಂದು ವರ್ಷದೊಳಗೆ ಬರೆಯಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಗೆಳೆಯನ ಅರ್ಜಿಯನ್ನು ನಾವೇ ಕೂತು ಬರೆದೆವು. ಉತ್ತರ ಇನ್ನೂ ಬಂದಿಲ್ಲ.

ಕೊನೆಗೆ ನಾಲ್ವರಲ್ಲಿ ಮೂವರು ಪಾಲಿಸಿ ಮಾಡಿಸಿದೆವು, ಪ್ರತಿ ಲೆನ್ಸಿನ ಸೀರಿಯಲ್ ನಂಬರನ್ನೂ ಪಟ್ಟಿಯಲ್ಲಿ ಬರೆಸಿ. ನಾಲ್ಕನೆಯವನದು ಸೆಕೆಂಡ್ ಹ್ಯಾಂಡ್ ಕ್ಯಾಮೆರಾ, ಬಿಲ್ಲಿಲ್ಲ. ಮಾರಿದ ಸ್ಟುಡಿಯೋ ಅಣ್ಣನನ್ನು ಹಳೇ ಬಿಲ್ಲು ಕೇಳಿದ್ದೇವೆ. ಅಟ್ಟದ ಮೇಲಿನ ಟ್ರಂಕಿನಲ್ಲಿರಬೇಕು, ಹಬ್ಬಕ್ಕೆ ಮನೆ ಸಾರಿಸುವಾಗ ಇಳಿಸುತ್ತೇನೆ ಅಂದಿದ್ದಾರೆ.