ಅಪ್ಪನ ಫಾರಂ ನೀವೊಬ್ಬರೇ ತುಂಬಬೇಡಿ



ಆರೋಗ್ಯ ವಿಮೆ ಎಂಬ ಮಾತು ಕಂಡೊಡನೆ ನಿಮ್ಮಲ್ಲಿ ಅನೇಕರು ಪುಟ ಮಗುಚಿ ಹಾಸ್ಯ ಲೇಖನಕ್ಕೋ ಅಡುಗೆಯ ಅಂಕಣಕ್ಕೋ ಹೋಗುವವರಿದ್ದೀರಿ ಎಂದು ಬಲ್ಲೆ. ಸ್ವಲ್ಪ ತಾಳಿ. ಇದು ನಿಮ್ಮ ವಿಮೆಯ ಮಾತಲ್ಲ, ನಿಮ್ಮ ಅಪ್ಪ ಅಮ್ಮಂದಿರದು. ಒಂದಲ್ಲ ಒಂದು ದಿನ ಅವರಿಗಾಗಿ ಈ ಕಾಗದಪತ್ರಗಳ ಮುಂದೆ ಕೂರುವವರು ನೀವೇ. ನಾನು ಎಡವಿದ ಕಲ್ಲನ್ನು ನೀವೂ ಎಡವಬೇಕಾಗಿಲ್ಲ ಎಂದು ಇದನ್ನು ಬರೆಯುತ್ತಿದ್ದೇನೆ.

ನಾನು ಹುಟ್ಟಿದ್ದು 1956ರಲ್ಲಿ, ಬೀದರ ಜಿಲ್ಲೆಯ ಒಂದು ಹಳ್ಳಿಯಲ್ಲಿ. ಅದೇ ವರ್ಷದ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಹಂಚಿಹೋಗಿ ನಮ್ಮ ಬೀದರ, ಕಲಬುರ್ಗಿ, ರಾಯಚೂರುಗಳು ಮೈಸೂರು ರಾಜ್ಯಕ್ಕೆ ಸೇರಿದವು. ಊರು ಅತ್ತ ಹೋಯಿತು, ನಾನು ಮಾತ್ರ ಹೊಟ್ಟೆಪಾಡಿಗಾಗಿ ಇತ್ತ ಬಂದೆ. ಸರ್ಕಾರಿ ಒಡೆತನದ ಒಂದು ಕಾರ್ಖಾನೆಯಲ್ಲಿ 36 ವರ್ಷ ದುಡಿದು 2016ರಲ್ಲಿ ನಿವೃತ್ತನಾದೆ. ಮನೆ ಬರ್ಕತ್‌ಪುರದಲ್ಲಿ. ಮಗ ಇಲ್ಲಿಯೇ ಹುಟ್ಟಿ ಬೆಳೆದವನು. ನಿಮ್ಮಂತೆಯೇ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಆಫೀಸಿನಲ್ಲಿ ಇಂಗ್ಲಿಷು. ಈಗ ಕೊಂಡಾಪುರದಲ್ಲಿ ಸಂಸಾರ ಹೂಡಿದ್ದಾನೆ. ಭಾನುವಾರಕ್ಕೊಮ್ಮೆ ಬಂದು ಮುಖ ತೋರಿಸಿ ಹೋಗುತ್ತಾನೆ.

ನಿವೃತ್ತರಾದ ನಮಗೆ ಕಾರ್ಖಾನೆಯವರು ಗಂಡ ಹೆಂಡತಿ ಇಬ್ಬರಿಗೂ ಸೇರಿ 3 ಲಕ್ಷ ರೂಪಾಯಿಯ ಒಂದು ಗುಂಪು ವಿಮೆ ಕೊಟ್ಟಿದ್ದಾರೆ. ಈ ದೇಶದಲ್ಲಿ ‘ಮೆಡಿಕ್ಲೇಮ್’ ಎಂಬ ಹೆಸರಿನ ಪಾಲಿಸಿ ಬಂದದ್ದು 1986ರಲ್ಲಿ. ಆಗ ಮೂವತ್ತರ ಹರೆಯದಲ್ಲಿದ್ದ ನಾವು ಅದನ್ನು ಕಾಯಿಲೆಯವರ ವಿಷಯ ಎಂದು ನಕ್ಕು ಬಿಟ್ಟಿದ್ದೆವು. ನಿವೃತ್ತಿಯಾದ ಮೇಲೂ 3 ಲಕ್ಷವೆಂದರೆ ದೊಡ್ಡ ಮೊತ್ತವೇ ಎಂದುಕೊಂಡು ನಿಶ್ಚಿಂತೆಯಿಂದಿದ್ದೆ.

2022ರಲ್ಲಿ ನನ್ನ ಹೆಂಡತಿ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡಳು. ಆಪರೇಷನ್ ಆಯಿತು, ಆರು ದಿನ ಆಸ್ಪತ್ರೆಯಲ್ಲಿದ್ದೆವು. ಬಿಲ್ಲು 2,80,000 ರೂಪಾಯಿ. ಮೂರು ಲಕ್ಷದೊಳಗೇ ಇದೆಯಲ್ಲ ಎಂದು ನಾನು ಧೈರ್ಯದಿಂದ ಕೌಂಟರಿಗೆ ಹೋದರೆ, ನಿಮ್ಮ ಕೈಯಿಂದ 90,000 ಕಟ್ಟಬೇಕು ಎಂದರು. ಇದು ಹೇಗಾಯಿತೆಂದು ತಿಳಿದುಕೊಳ್ಳಿ, ಏಕೆಂದರೆ ನೂರಾರು ಮನೆಗಳಲ್ಲಿ ಹೀಗೆಯೇ ಆಗುತ್ತದೆ. ನಮ್ಮ ಪಾಲಿಸಿಯಲ್ಲಿ ರೂಮಿನ ಬಾಡಿಗೆಗೆ ಮಿತಿ ಇತ್ತು. ವಿಮೆಯ ಮೊತ್ತದ ನೂರಕ್ಕೆ ಒಂದು, ಅಂದರೆ ದಿನಕ್ಕೆ 3,000. ನಾವು ಹಿಡಿದ ರೂಮು ದಿನಕ್ಕೆ 6,000. ಬಾಡಿಗೆಯಲ್ಲಿ ಅರ್ಧ ಕಡಿತವಾದೀತು ಎಂದು ನಾನೂ ಊಹಿಸಿದ್ದೆ. ಆದರೆ ಬಾಡಿಗೆ ಇಮ್ಮಡಿಯಾದರೆ ವೈದ್ಯರ ಫೀಸು, ಆಪರೇಷನ್ ಥಿಯೇಟರು, ದಾದಿಯರ ಖರ್ಚು ಕೂಡ ಅರ್ಧಕ್ಕೇ ಇಳಿಯುತ್ತವೆ. 36,000 ಬಾಡಿಗೆಗೆ 18,000 ಸಿಕ್ಕಿತು, 1,44,000ದ ಫೀಸುಗಳಿಗೆ 72,000 ಸಿಕ್ಕಿತು. ಔಷಧಿ, ಮೂಳೆಗೆ ಹಾಕಿದ ರಾಡು, ಪರೀಕ್ಷೆಗಳು ಇವಕ್ಕೆ ಮಾತ್ರ ಈ ಕಡಿತ ಇಲ್ಲವಾದ್ದರಿಂದ ಆ 1,00,000 ಪೂರ್ತಿ ಬಂತು. ಕಿಟಕಿಯಿಂದ ಒಳ್ಳೆಯ ಗಾಳಿ ಬರುತ್ತದೆ ಎಂದು ಹಿಡಿದ ರೂಮಿಗೆ 90,000 ತೆತ್ತಂತಾಯಿತು.

ಆ ಹಣವನ್ನು ಮಗ ಕಟ್ಟಿದ. ಮಾತಾಡದೆ ಫೋನು ತೆಗೆದು ಒತ್ತಿದ, ಅಷ್ಟೇ. ಆದರೆ ಜೀವಮಾನವಿಡೀ ಅವನಿಗೆ ಫೀಸು ಕಟ್ಟಿದ ಕೈ ಆ ದಿನ ಸುಮ್ಮನೆ ಜೇಬಿನೊಳಗಿತ್ತು. ಇದನ್ನು ನೀವು ಅರ್ಥಮಾಡಿಕೊಳ್ಳಬೇಕು. ಮಕ್ಕಳು ಕೊಡುವುದಿಲ್ಲ ಎಂಬ ಭಯ ನಮಗಿಲ್ಲ. ಕೊಟ್ಟುಬಿಡುತ್ತಾರೆ ಎಂಬುದೇ ನಮಗೆ ಸಂಕೋಚ.

ಮರುವರ್ಷ ಮಗ ದೊಡ್ಡ ಕಂಪೆನಿಯೊಂದನ್ನು ಸೇರಿದ. ಅಲ್ಲಿ ತಂದೆ ತಾಯಿಗೂ 5 ಲಕ್ಷದ ವಿಮೆ. “ಅಪ್ಪಾ, ಇನ್ನ ನೀವು ಚಿಂತಿ ಬಿಡ್ರಿ” ಎಂದ. ನಾನೂ ಬಿಟ್ಟೆ. ಆ ಪಾಲಿಸಿ ನನ್ನ ಆರೋಗ್ಯದ ಬಗ್ಗೆ ಏನೂ ಕೇಳಲಿಲ್ಲ, ನಾನೂ ಏನೂ ಹೇಳಲಿಲ್ಲ. 2025ರ ಮಾರ್ಚಿನಲ್ಲಿ ಆ ಕಂಪೆನಿಯವರು ನೂರಾರು ಜನರನ್ನು ತೆಗೆದರು. ಅವರಲ್ಲಿ ಇವನೂ ಒಬ್ಬ. ಅವನ ಕೆಲಸದ ಕೊನೆಯ ದಿನವೇ ನಮ್ಮ ವಿಮೆಯ ಕೊನೆಯ ದಿನ ಎಂಬುದು ನನಗೆ ಆಗ ಹೊಳೆಯಿತು. ಗುಂಪು ವಿಮೆಯಿಂದ ಹೊರಬೀಳುವವರು ಅದೇ ವಿಮಾ ಕಂಪೆನಿಯ ವೈಯಕ್ತಿಕ ಪಾಲಿಸಿಗೆ ಹೋಗಲು ಕೇಳಿಕೊಳ್ಳಬಹುದು, ಅಲ್ಲಿಯವರೆಗೆ ಕಾದ ಅವಧಿ ಲೆಕ್ಕಕ್ಕೆ ಸಿಗುತ್ತದೆ. ಆದರೆ ಅದು ನಮಗೆ ತಿಳಿಯುವಷ್ಟರಲ್ಲಿ ತಡವಾಗಿತ್ತು. ನೀವು ಕೆಲಸ ಬಿಡುವಾಗ ರಾಜೀನಾಮೆ ಪತ್ರದ ಜೊತೆಗೇ ಈ ಪ್ರಶ್ನೆಯನ್ನೂ ಕೇಳಿ.

ಆಗಸ್ಟಿನಲ್ಲಿ ಅವನಿಗೆ ಬೇರೆ ಕೆಲಸ ಸಿಕ್ಕಿತು. ಅಲ್ಲಿ ತಂದೆ ತಾಯಿಗೆ ವಿಮೆ ಇಲ್ಲ. ಹಾಗಾಗಿ ಕಾರ್ಖಾನೆಯ 3 ಲಕ್ಷದ ಮೇಲೆ ಒಂದು ಪೂರಕ ಪಾಲಿಸಿ ಕೊಳ್ಳಲು ಹೊರಟೆವು. ಅಮೆರಿಕದಲ್ಲಿರುವ ನನ್ನ ಭಾವಮೈದುನನಿಗೆ ಫೋನಿನಲ್ಲಿ ಹೇಳಿದರೆ, “ಇಲ್ಲೂ ಅದೇ ಕಥಿ ಭಾವ” ಎಂದ. ಅಲ್ಲಿ 65 ತುಂಬಿದವರಿಗೆ 1965ರ ಕಾಯಿದೆಯಿಂದ ಬಂದ ಮೆಡಿಕೇರ್ ಇದೆ. ಅದು ಬಿಟ್ಟ ಕಂದಕ ತುಂಬಲು ‘ಮೆಡಿಗ್ಯಾಪ್’ ಎಂಬ ಪೂರಕ ವಿಮೆ ಕೊಳ್ಳುತ್ತಾರೆ. 65 ತುಂಬಿ, ವೈದ್ಯರ ಖರ್ಚಿನ ಭಾಗ ಶುರುವಾದ ಮೊದಲ ಆರು ತಿಂಗಳಲ್ಲಿ ಕೇಳಿದರೆ, ಕಾಯಿಲೆ ಇದೆ ಎಂದು ವಿಮಾ ಕಂಪೆನಿಯವರು ನಿರಾಕರಿಸುವಂತಿಲ್ಲವಂತೆ. ನಮ್ಮಲ್ಲಿ ಅಂಥ ಆರು ತಿಂಗಳ ತೆರೆದ ಬಾಗಿಲು ಇಲ್ಲ. ಆದರೆ ಬಾಗಿಲು ಮುಚ್ಚಿಯೂ ಇಲ್ಲ. ನಮ್ಮದೇ ನಾನಕ್‌ರಾಮ್‌ಗುಡದ ಕಡೆ ನೀವು ಆಫೀಸಿಗೆ ಹೋಗುವಾಗ ಕಾಣುವ ವಿಮಾ ನಿಯಂತ್ರಣ ಪ್ರಾಧಿಕಾರ 2024ರ ಏಪ್ರಿಲ್‌ನಿಂದ, 65 ದಾಟಿದವರಿಗೆ ಹೊಸ ಪಾಲಿಸಿ ಇಲ್ಲ ಎನ್ನುವ ಹಳೆಯ ಪದ್ಧತಿಯನ್ನು ತೆಗೆದುಹಾಕಿತು. ಮೊದಲೇ ಇರುವ ಕಾಯಿಲೆಗೆ ಕಾಯಿಸುವ ಗರಿಷ್ಠ ಅವಧಿಯನ್ನೂ 4 ವರ್ಷದಿಂದ 3 ವರ್ಷಕ್ಕೆ ಇಳಿಸಿತು. 69ರ ನಾನು ಅರ್ಜಿ ಹಾಕಲು ಸಾಧ್ಯವಾದದ್ದು ಅದರಿಂದಲೇ.

ಪೂರಕ ಪಾಲಿಸಿಗಳಲ್ಲಿ ಎರಡು ಬಗೆ. ಒಂದು ಟಾಪ್-ಅಪ್, ಇನ್ನೊಂದು ಸೂಪರ್ ಟಾಪ್-ಅಪ್. ಹೆಸರಿನಲ್ಲಿ ಒಂದು ಪದದ ವ್ಯತ್ಯಾಸ, ಜೇಬಿಗೆ ಲಕ್ಷದ ವ್ಯತ್ಯಾಸ. ಎರಡರಲ್ಲೂ ಒಂದು ಗೆರೆ ಇರುತ್ತದೆ. ನಮ್ಮದು 3 ಲಕ್ಷದ ಗೆರೆ ಎನ್ನೋಣ. ಗೆರೆಯ ಕೆಳಗಿನದು ನಿಮ್ಮ ಮೂಲ ವಿಮೆಯದೋ ಜೇಬಿನದೋ ಹೊಣೆ, ಮೇಲಿನದು ಪೂರಕ ಪಾಲಿಸಿಯ ಹೊಣೆ. ಒಂದೇ ವರ್ಷದಲ್ಲಿ ಮೊದಲು ಎರಡೂವರೆ ಲಕ್ಷ, ಆಮೇಲೆ ಎರಡು ಲಕ್ಷ, ಹೀಗೆ ಎರಡು ಸಲ ಆಸ್ಪತ್ರೆಯ ಬಿಲ್ಲಾಯಿತು ಎಂದುಕೊಳ್ಳಿ. ಟಾಪ್-ಅಪ್ ಒಂದೊಂದು ಬಿಲ್ಲನ್ನೂ ಬೇರೆಬೇರೆಯಾಗಿ ನೋಡುತ್ತದೆ. ಯಾವುದೂ ಗೆರೆ ದಾಟಲಿಲ್ಲವಾದ್ದರಿಂದ ಒಂದು ಪೈಸೆಯೂ ಕೊಡುವುದಿಲ್ಲ. ಸೂಪರ್ ಟಾಪ್-ಅಪ್ ವರ್ಷದ ಬಿಲ್ಲುಗಳನ್ನೆಲ್ಲ ಕೂಡಿಸಿ, ನಾಲ್ಕೂವರೆಯಲ್ಲಿ ಮೂರು ಕಳೆದು ಒಂದೂವರೆ ಲಕ್ಷ ಕೊಡುತ್ತದೆ. ವಯಸ್ಸಾದವರು ವರ್ಷಕ್ಕೆರಡು ಸಲ ಆಸ್ಪತ್ರೆ ಕಾಣುವುದು ಅಪರೂಪವೇನಲ್ಲ. ಹಾಗಾಗಿ ಎರಡನೆಯದನ್ನೇ ಆರಿಸಿದೆವು.

ಆದರೆ ಒಂದು ಭ್ರಮೆ ಬೇಡ. 2022ರಲ್ಲಿ ಈ ಪಾಲಿಸಿ ಇದ್ದಿದ್ದರೂ ಆ 90,000 ಬರುತ್ತಿರಲಿಲ್ಲ. ಬಿಲ್ಲು ಮೂರು ಲಕ್ಷದ ಗೆರೆಯನ್ನೇ ದಾಟಿರಲಿಲ್ಲವಲ್ಲ! ರೂಮಿನ ತಪ್ಪಿಗೆ ರೂಮಿನ ಕೌಂಟರಿನಲ್ಲೇ ಔಷಧಿ. ಸೇರಿಸುವ ಮುನ್ನ ಮೂಲ ಪಾಲಿಸಿಯ ಮಿತಿ ನೋಡಿಕೊಂಡು ರೂಮು ಹಿಡಿಯಬೇಕು.

ಇನ್ನು ಕೋ-ಪೇ ಎಂಬುದೊಂದಿದೆ. ಹಿರಿಯರ ಪಾಲಿಸಿಗಳಲ್ಲಿ ಅಲ್ಲಲ್ಲಿ ಕಾಣುತ್ತದೆ. ಅದು ನೂರಕ್ಕೆ 20 ಎಂದಿದ್ದರೆ, 5 ಲಕ್ಷದ ಬಿಲ್ಲಿನಲ್ಲಿ 1 ಲಕ್ಷ ನಿಮ್ಮದು. ನಾವು ನೋಡಿದ ಮೂರರಲ್ಲಿ ಅತಿ ಅಗ್ಗದ ಪಾಲಿಸಿ ಅಗ್ಗವಾದದ್ದು ಇದರಿಂದಲೇ ಎಂದು ಮಗ ಕಂಡುಹಿಡಿದ.

ಈಗ ಹೇಳಬೇಕಾದ ಮಾತಿಗೆ ಬರುತ್ತೇನೆ.

ಏಜೆಂಟರೊಬ್ಬರು ಮನೆಗೆ ಬಂದರು. ಒಳ್ಳೆಯ ಮಾತುಗಾರರು. ಫಾರಮಿನಲ್ಲಿ ‘ಹಿಂದಿನ ಕಾಯಿಲೆಗಳು’ ಎಂಬ ಕಾಲಂ ಬಂತು. ಮಗ ಪೆನ್ನು ಹಿಡಿದು, “ಅಪ್ಪಾ, ನಿಮಗ ಏನೂ ಇಲ್ಲಲ್ಲ?” ಎಂದು ‘ಇಲ್ಲ’ ಬರೆಯಲು ಹೊರಟ. ನಾನು ಸುಮ್ಮನಿದ್ದೆ. ಗೋಡೆಗೆ ಒರಗಿ ಕುಳಿತಿದ್ದ ನನ್ನ ಹೆಂಡತಿ ಸುಮ್ಮನಿರಲಿಲ್ಲ. “ಶುಗರ್ ಅದ ಅಂತ ಬರಿ. ಆರು ವರ್ಷದಿಂದ ಅದ. ಗುಳಿಗಿ ದೇವರ ಮನ್ಯಾಗ ವಿಭೂತಿ ಡಬ್ಬಿ ಹಿಂದ ಇಟ್ಟಾರ” ಎಂದಳು.

ಮಗ ನನ್ನ ಮುಖ ನೋಡಿದ. ಭಾನುವಾರ ಭಾನುವಾರ ಅವನು ನನಗೆ ಪ್ರೀತಿ ಎಂದು ಬಾದಾಮ್ ಕಿ ಜಾಲಿ ತರುತ್ತಿದ್ದ. ಬೇಡವೆಂದರೆ ಯಾಕೆ ಎಂದು ಕೇಳುತ್ತಾನಲ್ಲ ಎಂದು ನಾನು ತಿನ್ನುತ್ತಿದ್ದೆ. ಅವನಿಗೆ ಮನೆಯ ಸಾಲ, ಮಗುವಿನ ಶಾಲೆ, ಆಮೇಲೆ ಕೆಲಸ ಹೋದ ಚಿಂತೆ. ಅದರ ಮೇಲೆ ನನ್ನದೊಂದು ಏಕೆ ಎಂದು ಹೇಳಿರಲಿಲ್ಲ.

ಏಜೆಂಟರು ಮೆಲ್ಲಗೆ, ಬರೆಯಬೇಡಿ ಸಾರ್, ಪ್ರೀಮಿಯಂ ಏರುತ್ತದೆ, ಯಾರು ನೋಡುತ್ತಾರೆ ಎಂದರು. ನೋಡುವವರು ಇದ್ದಾರೆ ಮಿತ್ರರೇ. ಪಾಲಿಸಿ ಕೊಳ್ಳುವಾಗ ಯಾರೂ ನೋಡುವುದಿಲ್ಲ, ಕ್ಲೇಮು ಹಾಕಿದ ದಿನ ನೋಡುತ್ತಾರೆ. ಹಳೆಯ ಚೀಟಿಗಳನ್ನೆಲ್ಲ ತರಿಸಿ, ಮುಚ್ಚಿಟ್ಟದ್ದು ಸಿಕ್ಕಿದರೆ ಹಣವನ್ನೂ ನಿರಾಕರಿಸಬಹುದು, ಪಾಲಿಸಿಯನ್ನೇ ರದ್ದು ಮಾಡಬಹುದು. ಎಡೆಬಿಡದೆ 60 ತಿಂಗಳು ಪಾಲಿಸಿ ನಡೆಸಿದ ಮೇಲೆ, ವಂಚನೆ ಸಾಬೀತಾದ ಹೊರತು, ಅವರು ಅದನ್ನು ಪ್ರಶ್ನಿಸುವಂತಿಲ್ಲ ಎಂಬ ನಿಯಮ ಇದೆ. ಆದರೆ 69ರವನು 60 ತಿಂಗಳು ಉಸಿರು ಬಿಗಿಹಿಡಿದು ಕಾಯುವುದೆಂತು?

ಮಗ ‘ಇದೆ, 2019ರಿಂದ’ ಎಂದು ಬರೆದ. ಅಕ್ಷರ ಸ್ವಲ್ಪ ಒತ್ತಿಯೇ ಬರೆದ. ವಿಮಾ ಕಂಪೆನಿಯವರು ರಕ್ತಪರೀಕ್ಷೆ ಮಾಡಿಸಿದರು, ಪ್ರೀಮಿಯಂ ಕೊಂಚ ಏರಿಸಿದರು, ಶುಗರಿಗೆ ಸಂಬಂಧಿಸಿದ ಚಿಕಿತ್ಸೆಗೆ ಎರಡು ವರ್ಷ ಕಾಯಬೇಕೆಂದರು. ಆದರೂ ಪಾಲಿಸಿ ಕೊಟ್ಟರು. ಇಬ್ಬರಿಗೂ ಸೇರಿ ವರ್ಷಕ್ಕೆ 40,000 ರೂಪಾಯಿ. ಅರ್ಧ ನನ್ನದು, ಅರ್ಧ ಮಗನದು ಎಂದು ಒಪ್ಪಂದವಾಯಿತು. ಹಣ ಕಟ್ಟಿದ್ದು 2025ರ ನವರಾತ್ರಿಯ ಮೊದಲ ದಿನ, ಸೆಪ್ಟೆಂಬರ್ 22ರಂದು. ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ನೂರಕ್ಕೆ 18ರ ಜಿಎಸ್‌ಟಿ ರದ್ದಾದದ್ದು ಅದೇ ದಿನದಿಂದ. ನಮಗೆ 7,200 ಉಳಿಯಿತು. ಹಿರಿಯರ ಪ್ರೀಮಿಯಂ ವರ್ಷಕ್ಕೆ ನೂರಕ್ಕೆ 10ಕ್ಕಿಂತ ಹೆಚ್ಚು ಏರಿಸುವ ಮುನ್ನ ಪ್ರಾಧಿಕಾರವನ್ನು ಕೇಳಬೇಕೆಂದು 2025ರ ಜನವರಿಯಲ್ಲಿ ಬಂದ ಆದೇಶವೂ ನಮಗೆ ಧೈರ್ಯ ಕೊಟ್ಟಿತು. ಇನ್ನೊಂದು ಲಾಭ ನಿಮಗೆ. ಹಳೆಯ ಪದ್ಧತಿಯ ತೆರಿಗೆ ಲೆಕ್ಕ ಆರಿಸಿಕೊಂಡವರು, 60 ದಾಟಿದ ತಂದೆ ತಾಯಿಗಾಗಿ ಕಟ್ಟಿದ ಪ್ರೀಮಿಯಮ್ಮಿಗೆ 50,000 ರೂಪಾಯಿವರೆಗೆ ವಿನಾಯಿತಿ ಪಡೆಯಬಹುದು. ನಗದಾಗಿ ಕಟ್ಟಿದರೆ ಅದು ಇಲ್ಲ.

ನಿಮ್ಮ ಮನೆಯ ಲೆಕ್ಕ ಬೇರೆಯಿರಬಹುದು. ತಂದೆ ಕೇಂದ್ರ ಸರ್ಕಾರದ ನಿವೃತ್ತರಾಗಿದ್ದರೆ ಸಿ.ಜಿ.ಎಚ್.ಎಸ್. ಇದೆ, ಮೊದಲು ಅದನ್ನು ನೋಡಿ. 70 ತುಂಬಿದವರಿಗೆ ಆದಾಯದ ಮಿತಿಯಿಲ್ಲದೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ಆಯುಷ್ಮಾನ್ ವಯ ವಂದನಾ ಕಾರ್ಡನ್ನು ಕೇಂದ್ರ ಸರ್ಕಾರ 2024ರ ಅಕ್ಟೋಬರ್ 29ರಂದು ಆರಂಭಿಸಿತು. ಖಾಸಗಿ ವಿಮೆ ಇದ್ದವರೂ ಅದಕ್ಕೆ ಅರ್ಹರು, ಹಳೆಯ ಕಾಯಿಲೆಗೆ ಕಾಯುವ ಅವಧಿಯೂ ಇಲ್ಲ. ನಿಮ್ಮ ಮನೆಗೆ ಹತ್ತಿರದ ಯಾವ ಆಸ್ಪತ್ರೆ ಅದನ್ನು ಒಪ್ಪುತ್ತದೆ ಎಂದು ಮೊದಲೇ ಕೇಳಿಟ್ಟುಕೊಳ್ಳಿ. ಪಾಲಿಸಿ ಕೈಗೆ ಬಂದ ಮೇಲೆ ಓದಲು, ಬೇಡವೆನಿಸಿದರೆ ಹಿಂದಿರುಗಿಸಲು 30 ದಿನ ಇರುತ್ತದೆ. ಆ 30 ದಿನ ಅದನ್ನು ಬೀರುವಿನಲ್ಲಿಡಬೇಡಿ.

ನೀವು ಜಾಣರು. ಅರ್ಧ ಗಂಟೆಯಲ್ಲಿ ಫೋನಿನಲ್ಲೇ ಹತ್ತು ಪಾಲಿಸಿ ಹೋಲಿಸಿ ಒಂದನ್ನು ಕೊಂಡು, “ಅಪ್ಪಾ, ಮಾಡಿದೆ” ಎಂದು ಸುದ್ದಿ ಕಳಿಸಬಲ್ಲಿರಿ. ದಯವಿಟ್ಟು ಹಾಗೆ ಮಾಡಬೇಡಿ. ಪಾಲಿಸಿ ಆರಿಸುವುದು ನಿಮಗೆ ಗೊತ್ತು, ಆದರೆ ಆ ಕಾಲಂ ತುಂಬುವುದು ನಿಮಗೆ ಗೊತ್ತಿಲ್ಲ. ಅದರ ಉತ್ತರ ದೇವರ ಮನೆಯಲ್ಲಿ ಯಾವುದೋ ಡಬ್ಬಿಯ ಹಿಂದೆ ಇರಬಹುದು. ಬರುವ ಭಾನುವಾರ ಊಟವಾದ ಮೇಲೆ ಅಪ್ಪ ಅಮ್ಮ ಇಬ್ಬರನ್ನೂ ಕೂರಿಸಿಕೊಂಡು ಫಾರಂ ಗಟ್ಟಿಯಾಗಿ ಓದಿ. ಅಪ್ಪ ಸುಮ್ಮನಾದರೆ ಅಮ್ಮನನ್ನು ಕೇಳಿ. ಅಮ್ಮನದನ್ನು ಅಪ್ಪನಲ್ಲಿ ಕೇಳಿ.

ನನ್ನ ಮಗ ಈಗಲೂ ಭಾನುವಾರ ಬರುತ್ತಾನೆ. ಬಾದಾಮ್ ಕಿ ಜಾಲಿಯ ಬದಲು ಪೇರಲ ಹಣ್ಣು ತರುತ್ತಾನೆ. ಬಂದವನೇ, “ಈ ವಾರ ಎಷ್ಟ ಬಂತು?” ಎಂದು ಕೇಳುತ್ತಾನೆ. ನಾನು ಇದ್ದ ಅಂಕಿಯನ್ನು ಇದ್ದ ಹಾಗೇ ಹೇಳುತ್ತೇನೆ. ಗುಳಿಗೆ ಈಗ ಊಟದ ಮೇಜಿನ ಮೇಲೇ ಇದೆ.