ವಾರಸುದಾರರಿಲ್ಲದ ಫೈಲು

ನಿವೃತ್ತಿಯ ನಂತರ ಪುಣೆಯ ಮನೆಯಲ್ಲಿ ಕಂಪ್ಯೂಟರ್ ಗುಡಿಸುವುದೇ ನನ್ನ ಕೆಲಸ. ತಂತ್ರಾಂಶ ತೆಗೆದರೂ ಅದರ ಕೆಲವು ಫೈಲುಗಳು ಅನಾಥವಾಗಿ ಉಳಿದುಬಿಡುತ್ತವೆ. ಅವನ್ನು ಅಳಿಸಿದರೆ ನಷ್ಟವಿಲ್ಲ. ಆದರೆ 2004ರ ಒಂದು ಫೈಲು ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲು. ‘ನುಡಿ’ಯಲ್ಲಿ ಟೈಪ್ ಮಾಡಿದ್ದು, ಆ ಫಾಂಟು ಈ ಹೊಸ ಯಂತ್ರದಲ್ಲಿಲ್ಲ.

“ಡಿಲೀಟ್ ಮಾಡಿಬಿಡ್ರಿ, ಅಪ್ಪಾ” ಅಂದ ಮಗ. ಬ್ಯಾಂಕಿನವನಿಗೆ ಅದು ಹೇಗೆ ಒಪ್ಪೀತು? 10 ವರ್ಷ ಯಾರೂ ಕೇಳದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋದರೂ, ವಾರಸುದಾರ ಬಂದರೆ ಮರಳಿ ಸಿಗುತ್ತದೆ.

ಯುನಿಕೋಡಿಗೆ ಪರಿವರ್ತಿಸಿದೆ. ಧಾರವಾಡದಿಂದ ಅವ್ವ ಫೋನಿನಲ್ಲಿ ಹೇಳಿ ಬರೆಸಿದ್ದ ಸಾರಿನ ಪುಡಿಯ ಲೆಕ್ಕ! “ಮೆಂತೆ ಕರ್ರಗಾಗಬಾರ್ದು ನೋಡಪಾ.” ಅವ್ವ ತೀರಿ ಒಂಬತ್ತು ವರ್ಷ. ಮಗನಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬಾರದು. ಫೈಲಿಗೆ ಅಕ್ಷರ ಸಿಕ್ಕಿತು. ವಾರಸುದಾರನಿಗೆ ಇನ್ನು ಕಲಿಸಬೇಕು.